ಅವಸರದಲ್ಲಿ ಸಹಿ ಹಾಕಬೇಡ, ಮಗಳೇ

ಹೊಟ್ಟೆಯಲ್ಲಿರುವ ಕೂಸನ್ನು ಸಾಕಲಾರೆ ಎಂದವಳನ್ನು ಊರು ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತದೆ: ಕಲ್ಲು ಮನಸ್ಸಿನವಳು, ಇಲ್ಲವೇ ಜಾರಿದವಳು. ತೀರ್ಥಹಳ್ಳಿ ಸೀಮೆಯಲ್ಲಿ ಆರೋಗ್ಯ ಸಹಾಯಕಿಯಾಗಿ ಮನೆ ಮನೆ ತಿರುಗಿದ ನನಗೆ ಇಂಥವರು ಸಿಕ್ಕಿದ್ದಾರೆ. ಮದುವೆಯಾಗದ ಹುಡುಗಿಯರು, ಗಂಡ ಬಿಟ್ಟುಹೋದವರು, ಆಗಲೇ ಮೂರು ಮಕ್ಕಳಿದ್ದು ಅಡಿಕೆ ತೋಟದ ಕೂಲಿಯಲ್ಲಿ ದಿನ ದೂಡುವ ಗಂಡ ಹೆಂಡತಿ. ಕಲ್ಲು ಮನಸ್ಸಿನವರನ್ನು ನಾನು ಕಾಣಲಿಲ್ಲ. ಕಂಡದ್ದು ಹೆದರಿಕೆ, ಆ ಹೆದರಿಕೆ ಹುಟ್ಟಿಸುವ ಅವಸರ. ಕವಲೇದುರ್ಗದ ಬುಡದಲ್ಲೋ, ಹೊಸನಗರದ ಹಿನ್ನೀರಿನಾಚೆಗೋ, ಸಾಗರದ ಕಡೆಯ ಒಂಟಿಮನೆಯಲ್ಲೋ ಕೂತು ಯಾರಿಗೂ ಬಾಯಿಬಿಡಲಾಗದೆ ತಿಂಗಳೆಣಿಸುತ್ತಿರುವ ನಿನಗೂ, ಆ ಮಗುವಿಗೆ ತಂದೆಯಾಗಲಿರುವ ಹುಡುಗನಿಗೂ ಕೆಲವು ಮಾತು ಹೇಳಬೇಕು.

ದತ್ತು ನಮ್ಮ ಸೀಮೆಗೆ ಹೊಸದೇನಲ್ಲ. ಕೆಳದಿಯಲ್ಲಿ ಹುಟ್ಟಿ, ಬಿದನೂರಿನಲ್ಲಿ ಬೆಳೆದು, ಕವಲೇದುರ್ಗವನ್ನು ಬೆನ್ನಿಗಿಟ್ಟುಕೊಂಡ ನಾಯಕರ ಮನೆತನ ಉಳಿದದ್ದೇ ದತ್ತಕದಿಂದ. 1672ರಿಂದ 1697ರವರೆಗೆ ಆಳಿದ ಚೆನ್ನಮ್ಮಾಜಿ ಬಸಪ್ಪನನ್ನು ದತ್ತು ತೆಗೆದುಕೊಂಡಳು. ಅವಳ ನಂತರ ಅವನು 1714ರವರೆಗೆ ಆಳಿದ. ಕೊನೆಗಾಲದಲ್ಲಿ ಅದೇ ಮನೆತನದ ದತ್ತುಪುತ್ರ ಚೆನ್ನಬಸಪ್ಪ ತೀರಿಹೋದ ಮೇಲೆ, ಆ ಚೆನ್ನಬಸಪ್ಪ ನಾನೇ, ಬದುಕಿದ್ದೇನೆ ಎಂದು ಒಬ್ಬ ಯುವಕ ಬಂದ. ಅವನನ್ನು ಮುಂದಿಟ್ಟುಕೊಂಡೇ ಹೈದರಾಲಿ 1763ರಲ್ಲಿ ಬಿದನೂರಿಗೆ ನುಗ್ಗಿದ. ಈ ಕಥೆಗಳನ್ನೆಲ್ಲ ಕೋಟೆ ತೋರಿಸುತ್ತಾ ಹೇಳುವ ನಾವು ಆ ಮಕ್ಕಳನ್ನು ಹೆತ್ತವರು ಯಾರು, ಕೊಡುವಾಗ ಅವರನ್ನು ಯಾರಾದರೂ ಕೇಳಿದರೇ ಎಂದು ಯೋಚಿಸುವುದೇ ಇಲ್ಲ. ಇವತ್ತಿನ ಕಾನೂನು ಮೊದಲು ಕೇಳುವುದು ಹೆತ್ತವಳನ್ನೇ. ಅದು ನಿನಗೆ ಗೊತ್ತಿರಬೇಕು.

ಹೆರಿಗೆಗೆ ಮುಂಚೆ ಯಾರಿಗೂ ಮಾತು ಕೊಡಬೇಡ. ಹೊಟ್ಟೆಯಲ್ಲಿರುವ ಮಗುವನ್ನು ಬರೆದುಕೊಟ್ಟ ಕಾಗದಕ್ಕೆ ಕಾಸಿನ ಬೆಲೆಯಿಲ್ಲ. ಆದರೂ ಏಳನೇ ತಿಂಗಳು ತುಂಬುವಷ್ಟರಲ್ಲಿ ನಿನ್ನ ಸಂಕಟದ ವಾಸನೆ ಹಿಡಿದು ಯಾರಾದರೂ ಬಂದೇ ಬರುತ್ತಾರೆ. ದೂರದ ನೆಂಟರೋ, ನರ್ಸಿಂಗ್ ಹೋಮಿನ ಆಯಾಳೋ. "ಒಳ್ಳೇ ಜನ, ಮಕ್ಕಳಿಲ್ಲ. ಖರ್ಚೆಲ್ಲ ಅವರದೇ. ಆಯಮ್ಮನ ಹೆಸರಿನಲ್ಲಿ ಅಡ್ಮಿಟ್ ಆಗು, ಸರ್ಟಿಫಿಕೇಟೂ ಅವರ ಹೆಸರಿಗೇ ಬರುತ್ತೆ. ಯಾರಿಗೂ ಗೊತ್ತಾಗಲ್ಲ." ಈ ಮಾತು ಕೇಳಲು ಎಷ್ಟು ಹಿತವಾಗಿದೆ ನೋಡು. ಬೇರೆಯವಳ ಹೆಸರಿನಲ್ಲಿ ಮಲಗಿದರೆ ನಿನ್ನ ರಕ್ತದ ಗುಂಪು, ಬಿಪಿ, ತಾಯಿ ಕಾರ್ಡಿನಲ್ಲಿ ಬರೆದದ್ದು ಯಾವುದೂ ವೈದ್ಯರ ಕೈಯಲ್ಲಿರುವುದಿಲ್ಲ. ರಕ್ತಸ್ರಾವವಾದರೆ ಸಾಯುವವಳು ನೀನು. ಬದುಕಿದರೂ ಮಗುವಿನ ಜನ್ಮವಿಡೀ ಒಂದು ಸುಳ್ಳು ದಾಖಲೆಯ ಮೇಲೆ ನಿಲ್ಲುತ್ತದೆ. ಕಾನೂನಿನ ದಾರಿ ಬಿಟ್ಟು ಮಗುವನ್ನು ಕೊಟ್ಟರೂ ಪಡೆದರೂ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಹಣ ಕೈ ಬದಲಾದರೆ ಅದು ಮಾರಾಟ. ಶಿಕ್ಷೆ ಐದು ವರ್ಷದವರೆಗೆ, ಆಸ್ಪತ್ರೆಯವರೇ ಶಾಮೀಲಾಗಿದ್ದರೆ ಏಳು ವರ್ಷದವರೆಗೆ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬಯಲಿಗೆಳೆದ ಶಿಶು ಮಾರಾಟದ ಜಾಲವನ್ನು ನೆನಪಿಸಿಕೋ. ಲಕ್ಷಗಳ ವ್ಯವಹಾರ ಮಾಡುವವರು ನಿನ್ನ ಮುಂದೆ ಬಂದಾಗ ಪುಣ್ಯದ ಮಾತನ್ನೇ ಆಡುತ್ತಾರೆ.

ಸರಿಯಾದ ಬಾಗಿಲು ಶಿವಮೊಗ್ಗದಲ್ಲಿದೆ. ಪ್ರತಿ ಜಿಲ್ಲೆಯಲ್ಲೂ ಮಕ್ಕಳ ಕಲ್ಯಾಣ ಸಮಿತಿ ಇರುತ್ತದೆ. ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಹೆಂಗಸು. ಕವಲೇದುರ್ಗದಿಂದ ತೀರ್ಥಹಳ್ಳಿಗೆ ಬರುವುದೇ ಮಳೆಗಾಲದಲ್ಲಿ ಒಂದು ಪಾಡು, ಅಲ್ಲಿಂದ ಶಿವಮೊಗ್ಗಕ್ಕೆ ಮತ್ತೆ ಅರವತ್ತು ಕಿಲೋಮೀಟರ್. ಹಾಗೆಂದು ಬಾಣಂತಿ ಮೈಯಲ್ಲಿ ಬಸ್ಸು ಹತ್ತಬೇಕಾಗಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ, ಆಶಾ ಕಾರ್ಯಕರ್ತೆಗೋ ಆಸ್ಪತ್ರೆಯ ವೈದ್ಯರಿಗೋ ಹೇಳಿದರೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸುದ್ದಿ ಮುಟ್ಟುತ್ತದೆ. ಮಗುವನ್ನು ಸಾಕಲಾಗದೆ ಸಮಿತಿಗೆ ಒಪ್ಪಿಸುವ ತಾಯಿಯ ಮೇಲೆ ಪೊಲೀಸ್ ಕೇಸ್ ಹಾಕುವಂತಿಲ್ಲ. ನಿನ್ನ ಹೆಸರು ಹೊರಗೆ ಬರುವಂತಿಲ್ಲ. ದತ್ತು ಕೇಂದ್ರಗಳ ಹೊರಗೆ ತೊಟ್ಟಿಲು ಇಟ್ಟಿರುತ್ತಾರೆ, ಅಷ್ಟೂ ಧೈರ್ಯ ಸಾಲದವರಿಗಾಗಿ. ತೋಟದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಬಿಡುವುದಕ್ಕಿಂತ ಅದು ಸಾವಿರ ಪಾಲು ಮೇಲು. ಆದರೆ ಹಾಗೆ ಬಿಟ್ಟುಹೋದ ಮಗುವಿನ ಫೋಟೊ ಹೆತ್ತವರನ್ನು ಹುಡುಕಲು ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಕೈಯಾರೆ ಒಪ್ಪಿಸಿದ ಮಗುವಿನದು ಆಗುವುದಿಲ್ಲ. ಗುಟ್ಟು ಉಳಿಯಲಿ ಎನ್ನುವವಳಿಗೂ ಸಮಿತಿಯ ದಾರಿಯೇ ಕ್ಷೇಮ.

ಸಮಿತಿಯ ಮುಂದೆ ಒಪ್ಪಿಸುವ ಪತ್ರಕ್ಕೆ ಸಹಿ ಹಾಕುತ್ತೀಯ. ಮದುವೆಯಾದವರಾದರೆ ಗಂಡ ಹೆಂಡತಿ ಇಬ್ಬರೂ ಹಾಕಬೇಕು. ಮದುವೆಯಾಗದಿದ್ದರೆ ತಾಯಿಯ ಸಹಿಯೊಂದೇ. ನಿನ್ನ ಅಪ್ಪ, ಅಣ್ಣ, ಊರ ಹಿರಿಯರು ಯಾರೂ ನಿನ್ನ ಬದಲಿಗೆ ಹಾಕಲಾಗದು. ಒತ್ತಾಯಕ್ಕೆ ಬಂದಿದ್ದರೆ ಅಲ್ಲಿಯೇ ಹೇಳು, ಅವರನ್ನು ಹೊರಗೆ ಕಳಿಸಿ ಮಾತಾಡಿಸಿ ಎಂದು ಕೇಳು. ಪತ್ರದ ಒಂದು ಪ್ರತಿ ಕೇಳಿ ತೆಗೆದುಕೋ. ಮತ್ತೆ ಇದನ್ನು ಚೆನ್ನಾಗಿ ಕೇಳಿಸಿಕೋ: ಸಹಿ ಹಾಕಿದ ದಿನವೇ ಎಲ್ಲ ಮುಗಿಯುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆ ಮರುಯೋಚನೆಗೆ ಎರಡು ತಿಂಗಳು ಕೊಟ್ಟಿದೆ. ಆ 60 ದಿನದೊಳಗೆ ಮನಸ್ಸು ತಿರುಗಿದರೆ ಹೋಗಿ ಮಗುವನ್ನು ವಾಪಸ್ ಕೇಳಬಹುದು. ಅಷ್ಟು ದಿನ ಕೂಸು ದತ್ತು ಕೇಂದ್ರದಲ್ಲಿರುತ್ತದೆ. ವಿಚಾರಣೆ ಮಾಡಿ, ತನ್ನ ಮೇಲ್ವಿಚಾರಣೆಯಲ್ಲಿ ನಿನ್ನ ಹತ್ತಿರವೇ ಇರಲು ಬಿಡುವ ಅಧಿಕಾರವೂ ಸಮಿತಿಗಿದೆ. ಅವಧಿ ಮುಗಿದ ಮೇಲೆ ಸಮಿತಿ ಮಗುವನ್ನು ದತ್ತಿಗೆ ಮುಕ್ತ ಎಂದು ಘೋಷಿಸುತ್ತದೆ. 2022ರ ಸೆಪ್ಟೆಂಬರ್‌ನಿಂದ ಕೊನೆಯ ಆದೇಶ ಹೊರಡಿಸುವವರು ಜಿಲ್ಲಾಧಿಕಾರಿ. ಅದಾದ ಮೇಲೆ ನಿನಗೂ ಮಗುವಿಗೂ ಕಾನೂನಿನ ಸಂಬಂಧ ಪೂರಾ ಕಡಿದುಹೋಗುತ್ತದೆ. ಆ 60ನೇ ದಿನದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೋ. ನಿಶ್ಚಯ ಮಾಡಿಬಿಟ್ಟಿದ್ದೇನೆ ಎಂದು ಆ ದಿನಗಳನ್ನು ಕಣ್ಣು ಮುಚ್ಚಿ ಕಳೆಯಬೇಡ, ಯೋಚಿಸು.

ಮಗು ಯಾರ ಮನೆಗೆ ಹೋಗಬೇಕೆಂದು ಆರಿಸುವ ಹಕ್ಕು ಮಾತ್ರ ನಿನಗಿಲ್ಲ. ಅಮೆರಿಕದಲ್ಲಿ ಹೆತ್ತವಳು ದಂಪತಿಗಳ ವಿವರ ಓದಿ ಆರಿಸುವ, ಮುಂದೆಯೂ ಮಗುವನ್ನು ನೋಡುತ್ತಿರುವ ಪದ್ಧತಿ ಇದೆಯಂತೆ ಎಂದು ಮೊಬೈಲಿನಲ್ಲಿ ನೋಡಿ ಆಸೆಪಟ್ಟವಳಿದ್ದಾಳೆ. ನಮ್ಮಲ್ಲಿ ಕಾರಾ ಎಂಬ ಕೇಂದ್ರ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಿ, ಮನೆ ತನಿಖೆ ಮುಗಿಸಿ, ಸರದಿಯಲ್ಲಿ ವರ್ಷಗಟ್ಟಲೆ ಕಾದವರಿಗೆ ಮಗು ಸಿಗುತ್ತದೆ. ಅವರು ಬೀದರಿನವರಾಗಿರಬಹುದು, ದೆಹಲಿಯವರಾಗಿರಬಹುದು, ಹೊರದೇಶದಲ್ಲಿರುವವರೂ ಆಗಿರಬಹುದು.

ನೆಂಟರಲ್ಲೇ ಕೊಡುವುದಾದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಮಕ್ಕಳಿಲ್ಲದ ಅಕ್ಕನಿಗೆ ಕೊಟ್ಟರೆ ಕಣ್ಣ ಮುಂದೆಯೇ ಬೆಳೆಯುತ್ತದೆ ಎಂದು ಮನೆಯವರು ಸುಲಭವಾಗಿ ಹೇಳುತ್ತಾರೆ. 1956ರ ಹಿಂದೂ ದತ್ತಕ ಕಾಯ್ದೆಯ ಪ್ರಕಾರ ಹಾಗೆ ಕೊಟ್ಟದ್ದಕ್ಕೆ ಮರುಯೋಚನೆಯ ಎರಡು ತಿಂಗಳಿಲ್ಲ. ಮಡಿಲಿನಿಂದ ಮಡಿಲಿಗೆ ಕ್ರಮಪ್ರಕಾರ ಕೊಟ್ಟಾಯಿತೆಂದರೆ ರದ್ದು ಮಾಡಲು ಯಾರಿಂದಲೂ ಆಗದು. ಆಮೇಲೆ ಪ್ರತಿ ಹಬ್ಬಕ್ಕೂ ಆ ಮಗು ನಿನ್ನನ್ನು ಚಿಕ್ಕಮ್ಮ ಎಂದು ಕರೆಯುವುದನ್ನು ಕೇಳಿಕೊಂಡು ಇರಬಲ್ಲೆಯಾ ಎಂದು ನಿನ್ನನ್ನು ನೀನೇ ಕೇಳಿಕೋ. ಇರಬಲ್ಲವರಿದ್ದಾರೆ. ಆಗದವರೂ ಇದ್ದಾರೆ, ಅದರಲ್ಲಿ ನಾಚಿಕೆಯೇನಿಲ್ಲ.

ಬರೀ ದುಡ್ಡಿಲ್ಲದ್ದಕ್ಕೆ ಕೊಡುತ್ತಿದ್ದೀಯಾದರೆ ತಡೆ. ಬಡತನ ಒಂದೇ ಕಾರಣಕ್ಕೆ ತಾಯಿ ಮಗುವನ್ನು ಅಗಲಿಸುವುದು ನನ್ನ ಪ್ರಕಾರ ಸರ್ಕಾರದ ಸೋಲು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ಕೊಡುವುದಕ್ಕಿಂತ ಮುಂಚೆ, ಇಟ್ಟುಕೊಳ್ಳಲು ಏನೇನು ದಾರಿಯಿದೆ ಎಂದು ಹೇಳಿಕೊಡುವುದು ಸಮಿತಿಯವರ ಕೆಲಸವೇ, ನಾಚಿಕೊಳ್ಳದೆ ಕೇಳು. ಇನ್ನೂ ಆರಂಭದ ತಿಂಗಳುಗಳಾಗಿದ್ದು ಬಸಿರು ಮುಂದುವರಿಸುವುದೇ ಬೇಡವೆಂದಿದ್ದರೆ, ಮದುವೆಯಾಗಿರಲಿ ಬಿಡಲಿ, ಸರ್ಕಾರಿ ಆಸ್ಪತ್ರೆಗೆ ಬೇಗ ಹೋಗು. ಸೊಪ್ಪು ಬೇರಿನವರ ಹತ್ತಿರ ಹೋಗಬೇಡ. ನಿನಗೆ ಹದಿನೆಂಟು ತುಂಬಿಲ್ಲದಿದ್ದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ. ಅದಕ್ಕೆ ಹೆದರಿ ಮನೆಯಲ್ಲೇ ಹೆರಬೇಡ. ಆ ಕಾನೂನು ನಿನ್ನನ್ನು ಹಿಡಿಯಲು ಬಂದದ್ದಲ್ಲ.

ಯಾರೂ ಹೇಳದ ಒಂದು ಸಂಗತಿ ಹಾಲಿನದು. ಕೂಸು ಕೈಬಿಟ್ಟು ಹೋದರೂ ಮೈಗೆ ಅದು ತಿಳಿಯುವುದಿಲ್ಲ. ಮೂರನೇ ನಾಲ್ಕನೇ ದಿನ ಎದೆ ಕಲ್ಲಾಗಿ, ಜ್ವರ ಬಂದ ಹಾಗಾಗಿ, ಪಕ್ಕದ ಮನೆಯ ಮಗು ಅತ್ತರೆ ರವಿಕೆ ಒದ್ದೆಯಾಗುತ್ತದೆ. ಹುಡುಗಿಯೊಬ್ಬಳು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಸೆರಗನ್ನು ಮಡಿಚಿ ಮಡಿಚಿ ಒತ್ತಿಕೊಳ್ಳುತ್ತಿದ್ದದ್ದನ್ನು ನಾನು ಕಂಡಿದ್ದೇನೆ. ಹಾಲು ಬರುತ್ತದೆಂದು ಅವಳಿಗೆ ಯಾರೂ ಹೇಳಿರಲೇ ಇಲ್ಲ. ಪೂರ್ತಿ ಹಿಂಡಬೇಡ, ಹಿಂಡಿದಷ್ಟೂ ಊರುತ್ತದೆ. ನೋವು ತಡೆಯದಾದಾಗ ಹಗುರಾಗುವಷ್ಟು ಮಾತ್ರ ತೆಗೆ. ತಣ್ಣೀರಿನ ಬಟ್ಟೆ ಇಡು, ಮೈಗೆ ಸರಿಯಾಗಿ ಕೂರುವ ಒಳ ಉಡುಪು ಹಾಕು. ನಮ್ಮ ಹಿರಿಯರು ಮಲ್ಲಿಗೆ ಹೂವನ್ನು ಎದೆಗೆ ಕಟ್ಟುತ್ತಿದ್ದರು. ಹಾಲು ಬತ್ತಿಸುವ ಮಾತ್ರೆಯೂ ಇದೆ, ವೈದ್ಯರನ್ನು ಕೇಳಿಯೇ ತೆಗೆದುಕೋ. ಕೆಂಪಗಾಗಿ ಚಳಿಜ್ವರ ಬಂದರೆ ಆಸ್ಪತ್ರೆಗೆ ನಡೆ. ಅಳು ವಾರಗಟ್ಟಲೆ ನಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಕರೆ ಮಾಡು. ಕನ್ನಡದಲ್ಲೇ ಮಾತಾಡುತ್ತಾರೆ.

ಮುಖ ನೋಡಿದರೆ ಮಾಯೆ ಹಿಡಿಯುತ್ತದೆ, ನೋಡಬೇಡ ಎಂದು ಮನೆಯವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೇಕೆನಿಸಿದರೆ ಎತ್ತಿಕೋ, ಹಾಲು ಕೊಡು, ಹೆಸರಿಟ್ಟು ಕರೆ. ನೋಡಿದ ಮೇಲೂ ಕೊಡಬೇಕೆನಿಸಿದರೆ ಆ ನಿರ್ಧಾರ ಗಟ್ಟಿಯಾಗಿರುತ್ತದೆ. ಬೇಡವೆನಿಸಿದರೆ ಬಲವಂತವೂ ಇಲ್ಲ.

ತಮ್ಮಾ, ಇನ್ನು ನಿನಗೆ. ಸಹಿ ಬೇಕಿಲ್ಲವೆಂದು ಜಾರಿಕೊಳ್ಳಬೇಡ. ಅವಳ ಜೊತೆ ಆಸ್ಪತ್ರೆಗೆ ಹೋಗು. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಯಾರಿಗಿತ್ತು, ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಯಾರಿಗಾಯಿತು, ಮೂರ್ಛೆ ರೋಗ, ಮನೋರೋಗ, ಕಿವುಡು ಯಾರಿಗಿದೆ, ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಡು. ಅವಳೂ ತನ್ನ ಕಡೆಯದನ್ನು ಬರೆಯಲಿ. ನಾಳೆ ಯಾವುದೋ ಊರಿನ ವೈದ್ಯರು ಆ ಮಗುವನ್ನು ನಿಮ್ಮ ವಂಶದಲ್ಲಿ ಇದು ಇದೆಯಾ ಎಂದು ಕೇಳಿದಾಗ ಅದರ ಕೈಯಲ್ಲಿ ಉತ್ತರವಿರುತ್ತದೆ. ಮಗುವಿಗೊಂದು ಕಾಗದ ಬರೆದು ಕಡತದಲ್ಲಿ ಇಡಿ ಎಂದೂ ಕೇಳಬಹುದು.

ಏಕೆಂದರೆ ಆ ಮಗು ಕೇಳಿಕೊಂಡು ಬರಬಹುದು. ಹದಿನೆಂಟು ತುಂಬಿದ ಮೇಲೆ ತನ್ನ ಮೂಲ ಹುಡುಕಲು ಅರ್ಜಿ ಹಾಕುವ ಹಕ್ಕು ದತ್ತು ಹೋದ ಮಗುವಿಗಿದೆ. ಮಗಳೇ, ನನ್ನ ಗುರುತು ಕೊಡಬೇಡಿ ಎಂದು ನೀನು ಒಪ್ಪಿಸುವಾಗಲೇ ಬರೆಸಿದ್ದರೆ, ನಿನ್ನ ಒಪ್ಪಿಗೆಯಿಲ್ಲದೆ ತಿಳಿಸುವುದಿಲ್ಲ. ಇದನ್ನೂ ಅಳುವಿನ ನಡುವೆ ತಟ್ಟನೆ ನಿರ್ಧರಿಸಬೇಡ, ಮೊದಲೇ ಯೋಚಿಸಿಟ್ಟುಕೋ.

ಇನ್ನೊಂದು, ನಿನ್ನ ಮುಂದಿನ ಬದುಕಿನದು. ನಿನ್ನ ರಕ್ತ ನೆಗೆಟಿವ್ ಗುಂಪಿನದಾಗಿದ್ದು ಮಗುವಿನದು ಪಾಸಿಟಿವ್ ಆಗಿದ್ದರೆ, ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಕದ್ದುಮುಚ್ಚಿ ಹೆತ್ತವರಲ್ಲಿ ತಪ್ಪಿಹೋಗುವುದು ಇದೇ. ಪೆಟ್ಟು ಬೀಳುವುದು ಮುಂದೆ ಹುಟ್ಟುವ ಕೂಸಿಗೆ. ಮದುವೆಯಾಗಿ ಮತ್ತೆ ಬಸಿರಾದಾಗ ವೈದ್ಯರು "ಇದು ಮೊದಲನೆಯದಾ?" ಎಂದು ಕೇಳುತ್ತಾರೆ. ಗಂಡನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ವೈದ್ಯರಿಗೆ ಮಾತ್ರ ಸುಳ್ಳು ಹೇಳಬೇಡ. ಅತ್ತೆ, ಗಂಡ ಪಕ್ಕದಲ್ಲಿದ್ದರೆ, ಒಬ್ಬಳೇ ಮಾತಾಡಬೇಕು ಡಾಕ್ಟ್ರೇ ಎನ್ನು. ಅವರನ್ನು ಹೊರಗೆ ಕೂರಿಸಿ ಬಾಗಿಲು ಹಾಕುತ್ತಾರೆ. ಆಗ ಯಾವ ವರ್ಷ ಹೆತ್ತೆ, ಸಹಜ ಹೆರಿಗೆಯೋ ಸಿಸೇರಿಯನ್ನೋ, ಇಂಜೆಕ್ಷನ್ ಆಗಿತ್ತೋ ಇಲ್ಲವೋ ಎಲ್ಲ ಹೇಳು, ತಾಯಿ ಕಾರ್ಡಿನಲ್ಲಿ ಬರೆಯದೆ ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ ಎಂದು ಕೇಳಿಕೋ.