ಐತವಾರ ನಿಶ್ಚಯ, ಮೂಗಿನ ಮಗ್ಗಲಿಗೆ ಗುಳ್ಳಿ

ಅಕ್ಕಾರ, ನನಗ ಇಪ್ಪತ್ತೆರಡು ವರ್ಷ. ಬರೋ ಐತವಾರ ನನ್ನ ನಿಶ್ಚಯ ಐತಿ. ಇವತ್ತ ಮುಂಜಾನೆ ಕನ್ನಡಿ ನೋಡಿದ್ರ ಮೂಗಿನ ಮಗ್ಗಲಕ್ಕ ಕಡ್ಲಿಕಾಳಿನಷ್ಟು ಕೆಂಪು ಗುಳ್ಳಿ ಎದ್ದೈತಿ, ಮುಟ್ಟಿದ್ರ ನೋಯ್ತೈತಿ. ಅವ್ವ ಅರಿಷಿಣ ಹಚ್ಚು ಅಂತಾಳ, ವೈನಿ ಟೂತ್‌ಪೇಸ್ಟ್ ಅಂತಾರ. ಗೆಳತಿ ಒಬ್ಬಾಕಿ ಮೆಡಿಕಲ್ ಶಾಪಿನ ಕ್ರೀಮ್ ಕೊಟ್ಟು, ‘ಎರಡ ದಿನದಾಗ ಮಾಯ’ ಅಂದಾಳ. ಯಾವುದು ಹಚ್ಚಲ್ರಿ?
– ಹೆಸರು ಬೇಡ, ರಾಮಥಾಳ

ತಂಗಿ, ನಿನಗೆ ಅವತ್ತೇ ಫೋನಿನಲ್ಲಿ ಚುಟುಕಾಗಿ ಉತ್ತರ ಕಳಿಸಿದ್ದೆ. ಮದುವೆ ಸೀಜನ್ ಬಂದರೆ ಸಾಕು, ಇದೇ ಪ್ರಶ್ನೆ ಹತ್ತಾರು ಊರಿನಿಂದ ಬರುತ್ತದೆ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಗೆಳತಿಯ ಕ್ರೀಮಿನ ಮಾತು. ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ಓದು. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ – ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ಗೆಳತಿ ಸುಳ್ಳು ಹೇಳಿಲ್ಲ, ಎರಡು ದಿನದಲ್ಲಿ ಕೆಂಪು ಇಳಿಯಬಹುದು. ಮೋಸ ಇರುವುದೇ ಅಲ್ಲಿ. ಚೆನ್ನಾಗಾಯಿತಲ್ಲ ಎಂದು ಮದುವೆವರೆಗೂ ಹಚ್ಚುತ್ತಾ ಹೋಗುತ್ತೀರಿ. ಚರ್ಮ ತೆಳುವಾಗಿ ಕೆಂಪು ನರಗಳು ಕಾಣಿಸಿಕೊಳ್ಳುತ್ತವೆ, ಬಿಟ್ಟ ಕೂಡಲೇ ಒಂದು ಗುಳ್ಳೆ ಇದ್ದ ಕಡೆ ಹತ್ತು ಏಳುತ್ತವೆ. ಇದರ ಹಾವಳಿ ನೋಡಿಯೇ ಕೇಂದ್ರ ಸರ್ಕಾರ 2018ರಲ್ಲಿ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಆದರೂ ‘ಮುಖಕ್ಕ ಒಂದು ಕ್ರೀಮ್ ಕೊಡ್ರಿ’ ಅಂದರೆ ಕೊಡುವ ಅಂಗಡಿಗಳು ಇದ್ದೇ ಇವೆ. ಆ ಟ್ಯೂಬನ್ನು ಗೆಳತಿಗೆ ವಾಪಸ್ ಕೊಡು. ಅವಳಿಗೂ ಹೇಳು.

ಇನ್ನು ಗುಳ್ಳಿಯ ಸಂಗತಿ. ಅದು ಒಂದೇ ರಾತ್ರಿಯಲ್ಲಿ ಹುಟ್ಟಿದ್ದಲ್ಲ, ವಾರಗಳ ಹಿಂದೆಯೇ ಒಳಗೆ ಶುರುವಾಗಿತ್ತು. ನಿಮ್ಮೂರಿನವರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ನಾರಾಯಣಪುರ ಜಲಾಶಯದ ನೀರನ್ನು 24,000 ಹೆಕ್ಟೇರಿಗೆ ಹನಿಹನಿಯಾಗಿ ಕೊಡಲೆಂದು ಮಾಡಿದ ಯೋಜನೆಗೆ ನಿಮ್ಮೂರಿನದೇ ಹೆಸರು. ಡ್ರಿಪ್ ಪೈಪಿನ ತೂತು ಉಪ್ಪುಗಟ್ಟಿ ಮುಚ್ಚಿದರೆ ಏನು ಮಾಡುತ್ತಾರೆ? ಮೊಳೆ ಹಾಕಿ ಚುಚ್ಚಿದರೆ ತೂತು ಹರಿದು ನೀರು ಎಲ್ಲೆಂದರಲ್ಲಿ ಸೋರುತ್ತದೆ. ತಿಳಿದವರು ಆಸಿಡ್ ಬಿಟ್ಟು ಮೆಲ್ಲಗೆ ಕರಗಿಸುತ್ತಾರೆ. ಚರ್ಮದ ರಂಧ್ರವೂ ಹಾಗೆಯೇ. ಒಳಗಿನ ಗ್ರಂಥಿಯ ಜಿಡ್ಡು ಹೊರಬರುವ ದಾರಿಯಲ್ಲಿ ಸತ್ತ ಚರ್ಮ ಕಟ್ಟಿಕೊಂಡು, ಅಲ್ಲೇ ವಾಸವಿದ್ದ ಬ್ಯಾಕ್ಟೀರಿಯಾ ಹೆಚ್ಚಿ, ಊದಿಕೊಂಡಿದೆ. ಉಗುರು, ಹೇರ್‌ಪಿನ್, ಸೂಜಿ ಹಾಕಿದೆಯೋ, ಒಳಗಿನ ಗೋಡೆ ಒಡೆದು ಕೀವು ಆಳಕ್ಕೆ ಇಳಿಯುತ್ತದೆ. ಗುಳ್ಳಿ ವಾರದಲ್ಲಿ ಹೋಗುತ್ತದೆ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಹಾಗಾದರೆ ಮಾಡುವುದೇನು? ಐಸ್ ತುಂಡನ್ನು ತೆಳ್ಳನೆಯ ಅರಿವೆಯಲ್ಲಿ ಸುತ್ತಿ ಐದು ನಿಮಿಷ ಇಡು, ದಿನಕ್ಕೆ ಎರಡು ಮೂರು ಸಲ. ಬರೀ ಐಸನ್ನು ಚರ್ಮಕ್ಕೆ ತಾಗಿಸಬೇಡ. ಫ್ರಿಜ್ ಇಲ್ಲವೋ, ಮಣ್ಣಿನ ಕೊಡದ ನೀರಲ್ಲಿ ಅದ್ದಿದ ಅರಿವೆಯೂ ಕೊಂಚ ಹಿತ ಕೊಡುತ್ತದೆ. ರಾತ್ರಿ ಮುಖ ತೊಳೆದು ಒರೆಸಿಕೊಂಡು, ಬೆಂಜಾಯಿಲ್ ಪೆರಾಕ್ಸೈಡ್ 2.5% ಜೆಲ್ ಅನ್ನು ಗುಳ್ಳಿಯ ಮೇಲೆ ಮಾತ್ರ ತೆಳ್ಳಗೆ ಹಚ್ಚು. ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ಒಂದು ದಿನ ನೋಡು. 10% ತಂದರೆ ಬೇಗ ವಾಸಿ ಎಂಬುದು ಸುಳ್ಳು, ಉರಿ ಮಾತ್ರ ಜಾಸ್ತಿ. ಒಂದು ಎಚ್ಚರ: ಈ ಜೆಲ್ ಬಟ್ಟೆಯ ಬಣ್ಣ ತಿನ್ನುತ್ತದೆ. ಹಳೇ ದಿಂಬಿನ ಚೀಲ ಹಾಕಿಕೋ. ನಿಶ್ಚಯದ ಇಳಕಲ್ ಸೀರೆಯ ಕೆಂಪು ಸೆರಗಿಗೆ ಅದು ತಾಗಿದರೆ ಬಿಳಿ ಮಚ್ಚೆ ಬಿದ್ದು ಅವ್ವನ ಕೈಲಿ ಬೈಸಿಕೊಳ್ಳುತ್ತೀ.

ವೈನಿಯ ಟೂತ್‌ಪೇಸ್ಟ್ ಹಲ್ಲಿಗೇ ಇರಲಿ, ಕೆಲವರು ಹೇಳುವ ನಿಂಬೆರಸ ಪಾನಕಕ್ಕೆ. ಎರಡೂ ಚರ್ಮವನ್ನು ಸುಟ್ಟು ಸಿಪ್ಪೆ ಏಳಿಸುತ್ತವೆ. ಅವ್ವನ ಅರಿಷಿಣ ಪೂರ್ತಿ ತಪ್ಪಲ್ಲ, ಬಾವು ತುಸು ತಗ್ಗಿಸುವ ಗುಣ ಅದಕ್ಕಿದೆ. ಆದರೆ ಒರಟು ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಗುಳ್ಳಿಯ ಮೇಲೆ ತಿಕ್ಕುವುದು ಬೇಡ. ಮದುವೆಯಲ್ಲಿ ಹೇಗೂ ಮೈತುಂಬ ಹಚ್ಚುತ್ತಾರೆ.

ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಕೆಲಸವಿದ್ದರೆ ಈ ವಾರ ತಪ್ಪಿಸಿಕೋ. ಆ ಕೈ ಮುಖಕ್ಕೆ ಹೋದರೆ ಗುಳ್ಳಿಯ ಕೆಂಪಿಗೆ ಇನ್ನೊಂದು ಕೆಂಪು ಸೇರುತ್ತದೆ.

ಮೂಗಿನ ಸುತ್ತಲಿನ ರಕ್ತನಾಳಗಳಿಗೆ ಮಿದುಳಿನ ಕಡೆಗೆ ದಾರಿಯಿದೆ. ಸೋಂಕು ಅಲ್ಲಿಗೆ ಮುಟ್ಟುವುದು ತೀರಾ ಅಪರೂಪ. ಆದರೂ ಬಾವು ಕಣ್ಣಿನತ್ತ ಹರಡಿದರೆ, ಜ್ವರ ಬಂದರೆ, ಮನೆಮದ್ದು ಬಿಟ್ಟು ಆಸ್ಪತ್ರೆಗೆ ಓಡು. ಹಾಗೇನೂ ಆಗದೆ ಗಟ್ಟಿಯಾಗಿ ಒಳಗೇ ಕುಳಿತಿದ್ದರೆ, ಬಾಗಲಕೋಟೆಯಲ್ಲಿ ಚರ್ಮದ ಡಾಕ್ಟರನ್ನು ಕಾಣು. ತಕ್ಕದ್ದು ಅನ್ನಿಸಿದರೆ ಗುಳ್ಳಿಯೊಳಗೇ ಸಣ್ಣ ಇಂಜೆಕ್ಷನ್ ಕೊಡುತ್ತಾರೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಅದೂ ಸ್ಟೀರಾಯ್ಡೇ. ಅಳತೆ ಬಲ್ಲವರ ಕೈಯಲ್ಲಿ ಒಂದೇ ಹನಿ, ಅಷ್ಟೇ ವ್ಯತ್ಯಾಸ.

ನನಗೊಂದು ಸಂಶಯ. ಇದೇ ಗುಳ್ಳಿ ಹುಡುಗನ ಮೂಗಿಗೆ ಎದ್ದಿದ್ದರೆ ಅವರ ಮನೆಯಲ್ಲಿ ಇಷ್ಟು ಜನ ಸೇರಿ ಔಷಧಿ ಹೇಳುತ್ತಿದ್ದರಾ?

ಶನಿವಾರ ಸಂಜೆ ಎರಡೂ ಕೈಗೆ ದಟ್ಟವಾಗಿ ಮೆಹಂದಿ ಹಾಕಿಸಿಕೊಂಡು ಕೂಡು. ಒಣಗುವವರೆಗಾದರೂ ಕೈ ಮೂಗಿನ ಕಡೆ ಹೋಗುವುದಿಲ್ಲ.