ಅಮೆರಿಕದ ನರ್ಸಿಂಗ್ ಹೋಂ ಖರ್ಚು: ಊರಿನ ಸೈಟೂ ಲೆಕ್ಕಕ್ಕೆ ಬರುತ್ತದೆ

ಮಕ್ಕಳು ಅಮೆರಿಕದಲ್ಲಿ ನೆಲೆಸಿ, ಅಪ್ಪ-ಅಮ್ಮನಿಗೂ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡ ಮನೆಗಳು ಈಗ ಕರ್ನಾಟಕದ ಯಾವ ಬಡಾವಣೆಯಲ್ಲಿ ಹುಡುಕಿದರೂ ಸಿಗುತ್ತವೆ. ಹೋದವರು ಮೊಮ್ಮಕ್ಕಳನ್ನು ಆಡಿಸುವಷ್ಟು ದಿನ ಗಟ್ಟಿಮುಟ್ಟಾಗಿದ್ದರು. ಈಗ ಎಂಬತ್ತರ ಆಸುಪಾಸು. ಪಾರ್ಶ್ವವಾಯುವೋ, ಮರೆವಿನ ಕಾಯಿಲೆಯೋ, ಸೊಂಟದ ಮೂಳೆ ಮುರಿತವೋ ಬಂದರೆ, ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ನರ್ಸಿಂಗ್ ಹೋಂ ಮಾತು ಬಂದೇ ಬರುತ್ತದೆ. ನಮ್ಮೂರಿನ ಹೆರಿಗೆ, ಆಪರೇಷನ್ನಿನ ನರ್ಸಿಂಗ್ ಹೋಂ ಅಲ್ಲ ಇದು; ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ಇಟ್ಟುಕೊಂಡು ನೋಡಿಕೊಳ್ಳುವ ಜಾಗ. ಬಹಳ ಕಡೆ ತಿಂಗಳ ಖರ್ಚು 9,000 ಡಾಲರ್ ದಾಟುತ್ತದೆ.

‘ಅಲ್ಲಿ ಸರ್ಕಾರವೇ ಕೊಡುತ್ತದಂತೆ’ ಎನ್ನುವ ಮಾತು ಪೂರ್ತಿ ಸುಳ್ಳಲ್ಲ. ಆದರೆ ಆ ಸರ್ಕಾರ ಕೊಡುವ ಮೊದಲು ಐದು ವರ್ಷದ ಹಣಕಾಸಿನ ಕಾಗದ ಕೇಳುತ್ತದೆ, ಆ ಕಾಗದಗಳಲ್ಲಿ ಅರ್ಧ ಇರುವುದು ಇಲ್ಲಿನ ಬ್ಯಾಂಕುಗಳಲ್ಲಿ, ಉಪನೋಂದಣಿ ಕಚೇರಿಗಳಲ್ಲಿ. ಹಾಗಾಗಿ ಅಲ್ಲಿರುವ ಮಕ್ಕಳಷ್ಟೇ ಅಲ್ಲ, ಇಲ್ಲಿರುವ ಅಣ್ಣತಮ್ಮಂದಿರೂ ಇದನ್ನು ತಿಳಿದಿರುವುದು ಒಳ್ಳೆಯದು.

ಮೆಡಿಕೇರ್ ಬೇರೆ, ಮೆಡಿಕೈಡ್ ಬೇರೆ

ಎರಡೂ 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿಯಿಂದ ಒಟ್ಟಿಗೇ ಬಂದವು. ಮೆಡಿಕೇರ್ 65 ದಾಟಿದವರ ಆರೋಗ್ಯ ವಿಮೆ. ಕನಿಷ್ಠ 3 ದಿನ ಒಳರೋಗಿಯಾಗಿ ಆಸ್ಪತ್ರೆಯಲ್ಲಿದ್ದು ಬಂದವರಿಗೆ, ನರ್ಸ್ ಅಥವಾ ಥೆರಪಿಸ್ಟ್‌ನ ನುರಿತ ಆರೈಕೆ ಬೇಕಾದಷ್ಟು ಕಾಲ, ಹೆಚ್ಚೆಂದರೆ 100 ದಿನ ಅದು ಖರ್ಚು ಭರಿಸುತ್ತದೆ. ಮೊದಲ 20 ದಿನ ಪೂರ್ತಿ. 21ನೇ ದಿನದಿಂದ ರೋಗಿ ದಿನಕ್ಕೆ 217 ಡಾಲರ್ (2026ರ ದರ) ಕೈಯಿಂದ ಕೊಡಬೇಕು. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು ಇಷ್ಟೇ ಬೇಕಾದವರಿಗೆ ಮೆಡಿಕೇರ್‌ನಿಂದ ಏನೂ ಇಲ್ಲ. ಆಸ್ಪತ್ರೆಯಲ್ಲಿ ‘ಅಬ್ಸರ್ವೇಷನ್’ ಎಂದು ಬರೆದು ಮಲಗಿಸಿದ ದಿನಗಳು ಆ 3 ದಿನಕ್ಕೆ ಸೇರುವುದಿಲ್ಲ. ದಾಖಲಾದ ದಿನವೇ ಇದನ್ನು ಕೇಳಿಕೊಳ್ಳಿ.

ವರ್ಷಗಟ್ಟಲೆ ಖರ್ಚು ನೋಡಿಕೊಳ್ಳುವುದು ಮೆಡಿಕೈಡ್. ಇದು ಬಡವರಿಗೆಂದು ಕೇಂದ್ರ ಮತ್ತು ರಾಜ್ಯಗಳು ಸೇರಿ ನಡೆಸುವ ಯೋಜನೆ. ಕ್ಯಾಲಿಫೋರ್ನಿಯಾದಲ್ಲಿ ಮೆಡಿ-ಕ್ಯಾಲ್, ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್‌ಹೆಲ್ತ್ ಎಂದು ಹೆಸರು. ನಿಯಮದ ಚೌಕಟ್ಟು ಕೇಂದ್ರದ್ದು, ಅಂಕಿಗಳು ಹಲವು ಸಲ ರಾಜ್ಯದ್ದು. ಟೆಕ್ಸಸ್‌ನ ಗೆಳೆಯ ಹೇಳಿದ್ದು ನ್ಯೂಜೆರ್ಸಿಯಲ್ಲಿ ನಡೆಯದಿರಬಹುದು.

ಮೊದಲು ಗ್ರೀನ್ ಕಾರ್ಡಿನ ತಾರೀಖು ನೋಡಿ

ಸಂದರ್ಶಕ ವೀಸಾದಲ್ಲಿ ಹೋದವರಿಗೆ ಈ ಸೌಲಭ್ಯ ಇಲ್ಲ. 1996ರ ಕಾನೂನಿನ ಪ್ರಕಾರ ಗ್ರೀನ್ ಕಾರ್ಡ್ ಪಡೆದ ಹೆಚ್ಚಿನವರು ಐದು ವರ್ಷ ಕಾಯಬೇಕು. ಕಾದ ಮೇಲೂ ಇನ್ನೊಂದು ತೊಡಕಿದೆ. ತಂದೆತಾಯಿಯನ್ನು ಕರೆಸಿಕೊಳ್ಳುವಾಗ ಮಗ ಅಥವಾ ಮಗಳು ಐ-864 ಎಂಬ ನಮೂನೆಗೆ ಸಹಿ ಹಾಕಿರುತ್ತಾರೆ: ಇವರ ಭಾರ ನನ್ನದು ಎಂಬ ಮುಚ್ಚಳಿಕೆ. ಅದರ ಆಧಾರದಲ್ಲಿ ಸಹಿ ಹಾಕಿದವರ ಆದಾಯ-ಆಸ್ತಿಯನ್ನು ಅಪ್ಪ-ಅಮ್ಮನದೇ ಎಂದು ಎಣಿಸಬಹುದು. ಸಾಫ್ಟ್‌ವೇರ್ ಸಂಬಳದ ಮಗ ಇದ್ದರೆ ಅರ್ಜಿ ಅಲ್ಲಿಗೇ ನಿಂತಿತು. ಈ ಎಣಿಕೆ ಮುಗಿಯುವುದು ಹಿರಿಯರು ಅಮೆರಿಕದ ಪೌರತ್ವ ಪಡೆದಾಗ, ಅಥವಾ 40 ತ್ರೈಮಾಸಿಕಗಳ ದುಡಿಮೆ ಅವರ ಖಾತೆಯಲ್ಲಿ ಸೇರಿದಾಗ. ಅರವತ್ತೈದು ದಾಟಿ ಹೋದವರಿಗೆ ಎರಡನೆಯದು ಬಹುತೇಕ ದೂರದ ಮಾತು. ಪೌರತ್ವದ ಅರ್ಹತೆ ಬಂದಿದ್ದರೂ ‘ಪಾಸ್‌ಪೋರ್ಟ್ ಬಿಡಲು ಮನಸ್ಸಿಲ್ಲ’ ಎನ್ನುವ ಹಿರಿಯರ ಭಾವನೆ ಅರ್ಥವಾಗುವಂಥದ್ದೇ. ಆದರೆ ಆ ನಿರ್ಧಾರಕ್ಕೆ ಹೀಗೊಂದು ಬೆಲೆ ಇದೆ ಎನ್ನುವುದು ಗೊತ್ತಿದ್ದು ತೆಗೆದುಕೊಳ್ಳಲಿ.

ಆದಾಯ

ಬಹಳಷ್ಟು ರಾಜ್ಯಗಳಲ್ಲಿ 2026ಕ್ಕೆ ಮಿತಿ ತಿಂಗಳಿಗೆ 2,982 ಡಾಲರ್. ಸೋಷಿಯಲ್ ಸೆಕ್ಯುರಿಟಿ ಹಣ, ಕರ್ನಾಟಕ ಸರ್ಕಾರದ ಪಿಂಚಣಿ, ಮೈಸೂರಿನ ಮನೆಯ ಬಾಡಿಗೆ, ಎಫ್‌ಡಿ ಬಡ್ಡಿ ಎಲ್ಲವೂ ಡಾಲರ್ ಆಗಿ ಇದಕ್ಕೆ ಸೇರುತ್ತವೆ. ನಮ್ಮ ಹಿರಿಯರಲ್ಲಿ ಈ ಮಿತಿ ದಾಟುವವರು ಕಡಿಮೆ. ದಾಟಿದವರಿಗೆ ಫ್ಲಾರಿಡಾ, ಟೆಕ್ಸಸ್‌ನಂಥ ಕಡೆ ‘ಮಿಲ್ಲರ್ ಟ್ರಸ್ಟ್’ ಎಂಬ ದಾರಿ ಇದೆ: ಹೆಚ್ಚಿನ ಆದಾಯವನ್ನು ಒಂದು ಟ್ರಸ್ಟ್ ಖಾತೆಗೆ ಹಾಕಿ ಅಲ್ಲಿಂದ ಆರೈಕೆಗೇ ಕೊಡುವುದು. ಬೇರೆ ಕೆಲವು ರಾಜ್ಯಗಳು ವೈದ್ಯಕೀಯ ಖರ್ಚು ಕಳೆದು ಉಳಿದದ್ದನ್ನು ನೋಡುತ್ತವೆ.

ಮೆಡಿಕೈಡ್ ಮಂಜೂರಾಯಿತೆಂದರೆ ಪಿಂಚಣಿ ಕೈಯಲ್ಲೇ ಉಳಿಯಿತು ಎಂದಲ್ಲ. ಆದಾಯ ಬಹುಪಾಲು ನರ್ಸಿಂಗ್ ಹೋಂಗೇ ಹೋಗುತ್ತದೆ, ಉಳಿದ ಬಿಲ್ಲನ್ನಷ್ಟೇ ಯೋಜನೆ ಕಟ್ಟುತ್ತದೆ. ಸೋಪು, ಕ್ಷೌರ, ಫೋನ್ ಎಂದು ಕೈಖರ್ಚಿಗೆ ಬಿಡುವ ಮೊತ್ತ ಕೇಂದ್ರದ ನಿಯಮದಂತೆ ತಿಂಗಳಿಗೆ ಕನಿಷ್ಠ 30 ಡಾಲರ್. ರಾಜ್ಯಗಳು ಹೆಚ್ಚು ಬಿಡಬಹುದು, ಹಲವು ಬಿಡುತ್ತವೆ. ಆದರೂ ಆ ಕನಿಷ್ಠ ಮೊತ್ತವನ್ನು 1988ರಿಂದ ಮುಟ್ಟದೆ ಇಟ್ಟಿರುವುದು ನಾಚಿಕೆಗೇಡು.

ಆಸ್ತಿ: 2,000 ಡಾಲರಿನ ಕಿರಿದಾದ ಬಾಗಿಲು

ಒಂಟಿ ವ್ಯಕ್ತಿಗೆ ಹೆಚ್ಚಿನ ರಾಜ್ಯಗಳಲ್ಲಿ ಉಳಿತಾಯದ ಮಿತಿ 2,000 ಡಾಲರ್. ಕ್ಯಾಲಿಫೋರ್ನಿಯಾ 2024ರ ಜನವರಿಯಲ್ಲಿ ಆಸ್ತಿ ಮಿತಿಯನ್ನೇ ತೆಗೆದುಹಾಕಿತ್ತು; 2026ರ ಜನವರಿಯಿಂದ 1,30,000 ಡಾಲರ್ ಎಂದು ಮತ್ತೆ ತಂದಿದೆ. ಬೇ ಏರಿಯಾದ ಕನ್ನಡಿಗರು ಎರಡು ವರ್ಷದ ಹಿಂದೆ ಕೇಳಿದ್ದನ್ನೇ ನಂಬಿಕೊಂಡಿದ್ದರೆ ಈಗ ವಿಚಾರಿಸಿ ನೋಡಬೇಕು.

ಲೆಕ್ಕಕ್ಕೆ ಬಾರದ್ದು: ವಾಸದ ಮನೆ (ಷರತ್ತುಗಳೊಂದಿಗೆ), ಒಂದು ಕಾರು, ಮನೆಯ ಸಾಮಾನು, ಬಟ್ಟೆಬರೆ, ಮುಂಗಡ ಕಟ್ಟಿದ ಅಂತ್ಯಕ್ರಿಯೆಯ ವೆಚ್ಚ. ದಿನಾ ಹಾಕಿಕೊಳ್ಳುವ ಮಾಂಗಲ್ಯ, ಬಳೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಲಾಕರಿನಲ್ಲಿ ಹೂಡಿಕೆಯೆಂದು ಇಟ್ಟ ಚಿನ್ನದ ನಾಣ್ಯ ಎಣಿಕೆಗೆ ಬರುತ್ತದೆ. ವಾಸದ ಮನೆಯಲ್ಲಿ ಸಾಲ ಕಳೆದು ಉಳಿಯುವ ಸ್ವಂತದ ಮೌಲ್ಯ, ರಾಜ್ಯ ನೋಡಿಕೊಂಡು 7,52,000 ಅಥವಾ ಹೆಚ್ಚೆಂದರೆ 11,30,000 ಡಾಲರ್ ಒಳಗಿರಬೇಕು. ಗಂಡ ಅಥವಾ ಹೆಂಡತಿ ಅದೇ ಮನೆಯಲ್ಲಿದ್ದರೆ ಈ ಮಿತಿ ಅನ್ವಯಿಸದು. ಮಗನ ಮನೆಯಲ್ಲಿ ವಾಸವಿರುವ ಅಪ್ಪನಿಗೆ ಈ ಪ್ರಶ್ನೆಯೇ ಇಲ್ಲ.

ಅವನಿಗಿರುವ ಪ್ರಶ್ನೆ ಬೇರೆ. ಹೆಬ್ಬಾಳದ ಆಚೆ 30-40ರ ಸೈಟು, ಹಾಸನದ ಹತ್ತಿರ ಎರಡು ಎಕರೆ, ಎನ್‌ಆರ್‌ಒ ಖಾತೆಯ ಠೇವಣಿ, ಹಳೇ ಎಲ್‌ಐಸಿ ಪಾಲಿಸಿಯ ಸರೆಂಡರ್ ಮೌಲ್ಯ ಇವೆಲ್ಲ ಇಂಡಿಯಾದಲ್ಲಿವೆ ಎಂಬ ಕಾರಣಕ್ಕೆ ಬಿಟ್ಟುಹೋಗುವುದಿಲ್ಲ. ಅರ್ಜಿಯಲ್ಲಿ ಆಸ್ತಿ ಎಂದರೆ ಜಗತ್ತಿನ ಯಾವ ಮೂಲೆಯದಾದರೂ ಸರಿ. ‘ಅವರಿಗೆಲ್ಲಿ ಗೊತ್ತಾಗುತ್ತೆ?’ ಎನ್ನುವವರು ಪ್ರತಿ ಸಭೆಯಲ್ಲೂ ಒಬ್ಬರಿರುತ್ತಾರೆ. ವಿದೇಶದ ಖಾತೆಗಳಲ್ಲಿ ಒಟ್ಟು 10,000 ಡಾಲರ್ ಮೀರಿದರೆ ಅಮೆರಿಕದ ಹಣಕಾಸು ಇಲಾಖೆಗೆ ಪ್ರತಿವರ್ಷ ತಿಳಿಸಲೇಬೇಕೆಂಬ ನಿಯಮ ಇದೆ. ಅಲ್ಲಿ ತೋರಿಸಿ ಇಲ್ಲಿ ಮುಚ್ಚಿಟ್ಟರೆ ಅದು ಮರೆವಲ್ಲ, ವಂಚನೆ. ಪ್ರಮಾಣ ಮಾಡಿ ಸಹಿ ಹಾಕುವುದು ಹಿರಿಯರ ಹೆಸರಿನಲ್ಲಿ ಎನ್ನುವುದು ನೆನಪಿರಲಿ.

ಪಾಲಾಗದ ಪಿತ್ರಾರ್ಜಿತ ಆಸ್ತಿಯ ವಿಷಯ ಇನ್ನೂ ಕಗ್ಗಂಟು. ಪಹಣಿಯಲ್ಲಿ ಐದು ಜನರ ಹೆಸರು ಜಂಟಿಯಾಗಿದ್ದು, ವಿಭಾಗದ ದಾವೆ ನ್ಯಾಯಾಲಯದಲ್ಲಿದ್ದರೆ, ಮಾರಲಾಗದ ಆಸ್ತಿ ಎಂದು ದಾಖಲೆ ಸಮೇತ ತೋರಿಸಿ ಎಣಿಕೆಯಿಂದ ಹೊರಗಿಡುವಂತೆ ಕೇಳಬಹುದು. ತೋರಿಸುವ ಹೊಣೆ ಅರ್ಜಿದಾರರದು.

ಹಿಂದಿನ 60 ತಿಂಗಳು

ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ನಮ್ಮವರು ಎಡವುವುದು ಇಲ್ಲೇ. 2006ರ ಫೆಬ್ರುವರಿಯಲ್ಲಿ ಜಾರಿಯಾದ ಕಾನೂನಿನಂತೆ, ಅರ್ಜಿ ಹಾಕಿದ ದಿನದಿಂದ 60 ತಿಂಗಳು ಹಿಂದಕ್ಕೆ ಹೋಗಿ, ತಕ್ಕ ಬೆಲೆ ಪಡೆಯದೆ ಯಾರಿಗೆ ಏನು ಕೊಟ್ಟಿರಿ ಎಂದು ನೋಡುತ್ತಾರೆ. (ಕ್ಯಾಲಿಫೋರ್ನಿಯಾದ ನಿಯಮ ಬೇರೆ.) ಕೊಟ್ಟ ಮೊತ್ತವನ್ನು ಆ ರಾಜ್ಯದ ನರ್ಸಿಂಗ್ ಹೋಂನ ಸರಾಸರಿ ಮಾಸಿಕ ವೆಚ್ಚದಿಂದ ಭಾಗಿಸಿ, ಬಂದಷ್ಟು ತಿಂಗಳು ಮೆಡಿಕೈಡ್ ತಡೆಹಿಡಿಯುತ್ತಾರೆ. 60,000 ಡಾಲರ್ ಕೊಟ್ಟಿದ್ದು, ಮಾಸಿಕ ವೆಚ್ಚ 10,000 ಎಂದಿಟ್ಟುಕೊಂಡರೆ ಆರು ತಿಂಗಳು. ಆ ಆರು ತಿಂಗಳು ಶುರುವಾಗುವುದು ಹಣ ಕೊಟ್ಟ ದಿನದಿಂದಲ್ಲ. ಕೈ ಬರಿದಾಗಿ, ನರ್ಸಿಂಗ್ ಹೋಂ ಸೇರಿ, ಅರ್ಜಿ ಹಾಕಿ, ಮಿಕ್ಕೆಲ್ಲ ರೀತಿಯಲ್ಲೂ ಅರ್ಹರಾದ ಮೇಲೆ. ಅಂದರೆ ಕೊಡಲು ದುಡ್ಡೂ ಇಲ್ಲ, ಸರ್ಕಾರದ ನೆರವೂ ಇಲ್ಲ ಎನ್ನುವ ಹೊತ್ತಿಗೆ.

ಈಗ ನಮ್ಮ ಮನೆಗಳಲ್ಲಿ ನಡೆಯುವುದನ್ನು ನೋಡಿ. ಹೆಣ್ಣುಮಕ್ಕಳಿಗೂ ಸಮಪಾಲು ಬಂದ ಮೇಲೆ ಅಣ್ಣ ಜಮೀನು ಮಾರಬೇಕಾದರೆ ಅಕ್ಕನ ಸಹಿ ಬೇಕು. ನಲವತ್ತು ವರ್ಷದ ಹಿಂದೆ ಅಮೆರಿಕಕ್ಕೆ ಹೋದ ಅಕ್ಕ ಮದುವೆಗೆಂದು ಬಂದಾಗ ಉಪನೋಂದಣಿ ಕಚೇರಿಗೆ ಕರೆದೊಯ್ಯುತ್ತಾರೆ. ‘ನನಗೇನು ಬೇಕಪ್ಪ, ನೀನೇ ನೋಡ್ಕೊಂಡಿದೀಯ’ ಎಂದು ಅವಳು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟೊತ್ತಿ, ಫೋಟೊ ತೆಗೆಸಿಕೊಂಡು, ಸಂಜೆ ಊಟಕ್ಕೆ ವಾಪಸ್. ಮೂರು ವರ್ಷದ ನಂತರ ಅವಳಿಗೆ ನರ್ಸಿಂಗ್ ಹೋಂ ಬೇಕಾದರೆ ಆ ಪತ್ರ ಮೆಡಿಕೈಡ್ ಕಣ್ಣಿಗೆ ಉಚಿತವಾಗಿ ಕೊಟ್ಟ ಆಸ್ತಿ. ಅರ್ಜಿ ಹಾಕುವ ಉದ್ದೇಶವೇ ಆಗ ಇರಲಿಲ್ಲ ಎಂದು ಸಾಬೀತು ಮಾಡಬಹುದು, ಆದರೆ ಸುಲಭವಲ್ಲ. ಅವಳ ಪಾಲಿಗೆ ತಕ್ಕ ಹಣ ಖಾತೆಗೆ ಬಂದಿದ್ದು ಪತ್ರದಲ್ಲೂ ಅದೇ ಮೊತ್ತ ನಮೂದಾಗಿದ್ದರೆ ಅದು ದಾನವಲ್ಲ, ಮಾರಾಟ. ಬಂದ ಹಣ ಆಸ್ತಿಯಾಗಿ ಎಣಿಕೆಗೆ ಸೇರುತ್ತದೆ, ಆದರೆ ದಂಡದ ತಿಂಗಳು ಇಲ್ಲ.

ಇನ್ನೊಂದು: ಬಸವನಗುಡಿಯ ಮನೆ ಮಾರಿ ಬಂದ ಹಣವನ್ನು ಮಗನ ಅಮೆರಿಕದ ಮನೆಯ ಡೌನ್ ಪೇಮೆಂಟಿಗೆ ಕೊಡುವುದು. ಕೊಟ್ಟದ್ದು ಪ್ರೀತಿಯಿಂದಲೇ, ಆದರೆ ಮನೆಯ ಪತ್ರದಲ್ಲಿ ಅಪ್ಪನ ಹೆಸರಿಲ್ಲದಿದ್ದರೆ ಅದೂ ದಾನವೇ. ಅಮ್ಮನನ್ನು ನೋಡಿಕೊಳ್ಳುವ ಸೊಸೆಗೆ ತಿಂಗಳಿಗಿಷ್ಟು ಎಂದು ಕೊಡುವುದು ನ್ಯಾಯವಾದದ್ದು. ಮೊದಲೇ ಬರಹದ ಒಪ್ಪಂದ ಮಾಡಿಕೊಂಡು, ಸಂಬಳವೆಂದು ತೋರಿಸಿ ಕೊಡಿ. ‘ವರ್ಷಕ್ಕೆ 19,000 ಡಾಲರ್‌ವರೆಗೆ ಕೊಡಬಹುದಲ್ಲ’ ಎಂದು ಕೇಳುವವರಿಗೆ: ಅದು ಗಿಫ್ಟ್ ತೆರಿಗೆಯ ಮಾತು. ಮೆಡಿಕೈಡ್‌ಗೂ ಅದಕ್ಕೂ ಸಂಬಂಧವಿಲ್ಲ.

ಗಂಡ-ಹೆಂಡತಿ ನಡುವಿನ ವರ್ಗಾವಣೆಗೆ, ಅಂಗವಿಕಲ ಮಗ ಅಥವಾ ಮಗಳಿಗೆ ಕೊಟ್ಟದ್ದಕ್ಕೆ ದಂಡವಿಲ್ಲ. ಕನಿಷ್ಠ ಎರಡು ವರ್ಷ ಜೊತೆಯಲ್ಲಿದ್ದು ಆರೈಕೆ ಮಾಡಿ, ನರ್ಸಿಂಗ್ ಹೋಂ ಸೇರುವುದನ್ನು ಅಷ್ಟು ಕಾಲ ತಪ್ಪಿಸಿದ ಮಗ ಅಥವಾ ಮಗಳಿಗೆ ಹಿರಿಯರು ತಮ್ಮ ವಾಸದ ಮನೆ ಕೊಟ್ಟರೂ ದಂಡವಿಲ್ಲ. ಕೊಟ್ಟದ್ದು ಹಿಂದಿರುಗಿ ಬಂದರೆ ದಂಡವೂ ರದ್ದಾಗುತ್ತದೆ ಅಥವಾ ಕಡಿಮೆಯಾಗುತ್ತದೆ.

ಒಬ್ಬರು ಒಳಗೆ, ಒಬ್ಬರು ಮನೆಯಲ್ಲಿ

ಗಂಡನ ಕಾಯಿಲೆಗೆ ಹೆಂಡತಿ ಬೀದಿಗೆ ಬರಬಾರದೆಂದು 1988ರಲ್ಲಿ ಬಂದ ನಿಯಮ ಇದು. ಇಬ್ಬರ ಹೆಸರಿನ ಆಸ್ತಿಯನ್ನೂ ಕೂಡಿಸಿ, ಮನೆಯಲ್ಲಿ ಉಳಿದವರಿಗೆ ಒಂದು ಪಾಲು ಬಿಡುತ್ತಾರೆ: 2026ಕ್ಕೆ ರಾಜ್ಯವನ್ನು ಅವಲಂಬಿಸಿ 32,532ರಿಂದ 1,62,660 ಡಾಲರ್. ಹಲವು ರಾಜ್ಯಗಳು ಅರ್ಧ ಬಿಡುತ್ತವೆ. ಫ್ಲಾರಿಡಾದಂಥವು ಗರಿಷ್ಠ ಮಿತಿವರೆಗೂ ಬಿಡುತ್ತವೆ. ಒಟ್ಟು 1,20,000 ಇದ್ದರೆ ಅರ್ಧದ ರಾಜ್ಯದಲ್ಲಿ ಹೆಂಡತಿಗೆ 60,000, ಗಂಡನಿಗೆ 2,000. ಉಳಿದ 58,000 ಮೊದಲು ಖರ್ಚಾಗಬೇಕು. ಹೆಂಡತಿಯ ಆದಾಯ ತೀರ ಕಡಿಮೆಯಿದ್ದರೆ ಗಂಡನ ಪಿಂಚಣಿಯಲ್ಲಿ ಒಂದು ಭಾಗ ಅವಳಿಗೆ ಸಿಗುತ್ತದೆ.

ಹೀಗೆ ಇಳಿಸಬೇಕಾದ ಹಣವನ್ನು ಯಾರಿಗೂ ದಾನ ಮಾಡದೆ ಖರ್ಚು ಮಾಡಲು ದಾರಿಗಳಿವೆ: ಸಾಲ ತೀರಿಸಿ, ಸ್ವಂತ ಮನೆಯ ಸೂರು ರಿಪೇರಿ ಮಾಡಿಸಿ, ಹಲ್ಲು-ಕಿವಿಯ ಚಿಕಿತ್ಸೆ ಮುಗಿಸಿ, ಅಂತ್ಯಕ್ರಿಯೆಗೆ ಮುಂಗಡ ಕಟ್ಟಿ. ಕೊನೆಯದನ್ನು ಹಿರಿಯರ ಎದುರು ಎತ್ತಲು ಬಾಯಿ ಬಾರದು. ಅವರೇ ಎತ್ತುವುದೂ ಉಂಟು. ಆಸ್ತಿ ದೊಡ್ಡದಿದ್ದರೆ ಹಿರಿಯರ ಕಾನೂನಿನಲ್ಲಿ ಪಳಗಿದ ವಕೀಲರಿಗೆ ಫೀಸು ಕೊಡುವುದು ನಷ್ಟವಲ್ಲ.

ಅರ್ಜಿ ಹಾಕುವಾಗ

ವೈದ್ಯಕೀಯ ಪರೀಕ್ಷೆಯಲ್ಲಿ ನರ್ಸಿಂಗ್ ಹೋಂ ಮಟ್ಟದ ಆರೈಕೆ ಬೇಕು ಎಂದು ತೀರ್ಮಾನವಾಗಬೇಕು. ಅದು ಇಲ್ಲದೆ ಹಣಕಾಸಿನ ಅರ್ಹತೆ ಉಪಯೋಗಕ್ಕೆ ಬಾರದು. ಜೊತೆಗೆ ಗ್ರೀನ್ ಕಾರ್ಡ್ ಅಥವಾ ಪೌರತ್ವದ ಪತ್ರ, ಐದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ (ಮುಚ್ಚಿದ ಖಾತೆಯದ್ದೂ ಸೇರಿ), ಪಿಂಚಣಿ ಆದೇಶ, ವಿಮಾ ಪಾಲಿಸಿ, ಊರಿನ ಆಸ್ತಿಯ ಖಾತಾ, ಪಹಣಿ, ಇ.ಸಿ. ಕನ್ನಡದಲ್ಲಿರುವುದಕ್ಕೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಮಾಡಿಸಿ. ದೊಡ್ಡ ಮೊತ್ತ ಹೊರಹೋದ ಪ್ರತಿ ಸಾಲಿನ ಎದುರು ಕಾರಣ ಬರೆದಿಡಿ. ಅಪ್ಪ-ಮಗನ ಜಂಟಿ ಖಾತೆಯ ಹಣವೆಲ್ಲ ಅಪ್ಪನದೇ ಎಂದು ಅವರು ಭಾವಿಸುತ್ತಾರೆ. ಮಗನದು ಎಷ್ಟೆಂದು ನೀವೇ ತೋರಿಸಬೇಕು.

ತೀರ್ಮಾನ ಸಾಮಾನ್ಯವಾಗಿ 45 ದಿನದೊಳಗೆ ಬರಬೇಕು. ಅರ್ಜಿಗೆ ಹಿಂದಿನ ಮೂರು ತಿಂಗಳ ಬಿಲ್ಲನ್ನೂ ಕೇಳಬಹುದು. 2027ರ ಜನವರಿಯಿಂದ ಅದು ಎರಡೇ ತಿಂಗಳು. ತಿರಸ್ಕರಿಸಿದರೆ ನೋಟಿಸಿನಲ್ಲಿ ಬರೆದ ಗಡುವಿನೊಳಗೆ ವಿಚಾರಣೆ ಕೇಳುವ ಹಕ್ಕಿದೆ.

ಆಸ್ಪತ್ರೆಯಿಂದ ನರ್ಸಿಂಗ್ ಹೋಂಗೆ ಸಾಗಿಸುವ ದಿನ ಮಗನ ಕೈಗೆ ದಪ್ಪ ಕಾಗದದ ಕಟ್ಟು ಬರುತ್ತದೆ, ‘ರೆಸ್ಪಾನ್ಸಿಬಲ್ ಪಾರ್ಟಿ’ ಎಂದಿರುವ ಗೆರೆಯ ಮೇಲೆ ಬೆರಳಿಟ್ಟು ಸಹಿ ಕೇಳುತ್ತಾರೆ. ಅಲ್ಲಿ ನಿಂತು ಓದಿ. ಸೇರಿಸಿಕೊಳ್ಳಬೇಕಾದರೆ ಮಕ್ಕಳು ಸ್ವಂತ ಹಣದಿಂದ ಜಾಮೀನು ನಿಲ್ಲಬೇಕೆಂದು ಮೆಡಿಕೇರ್-ಮೆಡಿಕೈಡ್ ಪಡೆಯುವ ನರ್ಸಿಂಗ್ ಹೋಂ ಕೇಳುವಂತಿಲ್ಲ. ಕೇಂದ್ರ ಕಾನೂನು ಅದನ್ನು ನಿಷೇಧಿಸಿದೆ. ‘ತಂದೆಯ ಪರವಾಗಿ, ತಂದೆಯ ಹಣದಿಂದ ಮಾತ್ರ’ ಎಂದು ಬರೆದು ಸಹಿ ಮಾಡಿ.

ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವ ಮನಸ್ಸಿದ್ದವರಿಗೆ ಹೆಚ್ಚುಕಡಿಮೆ ಇದೇ ಲೆಕ್ಕಾಚಾರದ ಮೇಲೆ ಮನೆ-ಆರೈಕೆಯ ಯೋಜನೆಗಳೂ ಇವೆ. ಕೆಲವು ರಾಜ್ಯಗಳಲ್ಲಿ ಆರೈಕೆ ಮಾಡುವ ಮಕ್ಕಳಿಗೇ ಸಂಬಳ ಸಿಗುತ್ತದೆ. ಸರದಿ ಉದ್ದ ಇರುವುದರಿಂದ ಹೆಸರು ಬೇಗ ಬರೆಸಿ. ಯಾವ ಊರಿನಲ್ಲಿ ಯಾರನ್ನು ಕೇಳಬೇಕೆಂದು ಗೊತ್ತಾಗದಿದ್ದರೆ ‘ಎಲ್ಡರ್‌ಕೇರ್ ಲೊಕೇಟರ್’ ಎಂಬ ಸರ್ಕಾರಿ ಸಹಾಯವಾಣಿ 1-800-677-1116 ಹತ್ತಿರದ ಹಿರಿಯರ ಕಚೇರಿಯನ್ನು ತೋರಿಸುತ್ತದೆ.

ಕಡೆಯದಾಗಿ, 55 ದಾಟಿದವರಿಗೆ ಮೆಡಿಕೈಡ್ ಖರ್ಚು ಮಾಡಿದ್ದನ್ನು ಅವರ ಮರಣಾನಂತರ ಬಿಟ್ಟುಹೋದ ಆಸ್ತಿಯಿಂದ ವಸೂಲು ಮಾಡುವುದು ರಾಜ್ಯಗಳಿಗೆ 1993ರಿಂದ ಕಡ್ಡಾಯ. ಗಂಡ ಅಥವಾ ಹೆಂಡತಿ ಬದುಕಿರುವವರೆಗೆ, 21ರೊಳಗಿನ ಅಥವಾ ಅಂಗವಿಕಲ ಮಕ್ಕಳಿದ್ದರೆ ವಸೂಲಿ ಇಲ್ಲ. ನೋಟಿಸ್ ಬಂದರೆ ತಿಥಿ ಮುಗಿಯಲಿ ಎಂದು ಪಕ್ಕಕ್ಕಿಡಬೇಡಿ. ಕಷ್ಟದ ಕಾರಣಕ್ಕೆ ವಿನಾಯಿತಿ ಕೇಳುವ ಅವಕಾಶ ಉಂಟು, ಅದಕ್ಕೂ ಗಡುವಿದೆ.