ಪೇಟಿ ಬೈಠಕ್: ಮಾಡಬೇಕಾದ್ದು, ಮಾಡಬಾರದ್ದು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ಪೇಟಿಯ, ಅಂದರೆ ಹಾರ್ಮೋನಿಯಂನ, ಸ್ವತಂತ್ರ ವಾದನ ಏರ್ಪಡಿಸುವ ಸಂಘಟಕರಿಗೆ, ಕಾರ್ಯಕರ್ತರಿಗೆ, ಕೇಳುಗರಿಗೆ.

ಅರ್ಥಿಂಗ್ ಇಲ್ಲದ ಮೈಕ್ ಜೀವ ತೆಗೆಯುತ್ತದೆ. ಧೂಳು ಸಿಕ್ಕ ರೀಡು ಒಂದು ಸ್ವರವನ್ನೇ ಕಟ್ಟಿಹಾಕುತ್ತದೆ. ಬೈಠಕ್ ಅಲ್ಲಿಗೇ ಮುಗಿಯುತ್ತದೆ.

ಮಾಡಬೇಕಾದ್ದು

• ವೇದಿಕೆಯ ವೈರಿಂಗ್, ಅರ್ಥಿಂಗ್ ಎರಡನ್ನೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಅಂದೇ ಪರೀಕ್ಷೆ ಮಾಡಿಸಿ.

• ಸಭಾಂಗಣದ ಎಲ್ಲ ಬಾಗಿಲುಗಳ ಬೀಗ ತೆಗೆಯಿರಿ.

• ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವುದಾದರೆ ಲಿಖಿತ ಅನುಮತಿ ಪಡೆಯಿರಿ.

• ರಾತ್ರಿ 10ಕ್ಕೆ ಧ್ವನಿವರ್ಧಕ ಬಂದ್ ಮಾಡಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಅಹೋರಾತ್ರಿ ಸಂಗೀತಕ್ಕೂ ಅನ್ವಯಿಸುತ್ತದೆ. ಬೆಳತನಕ ಕೇಳಬೇಕೆಂದರೆ ಒಳಗೆ, ಮೈಕಿಲ್ಲದೆ ಕೂಡಿ. ಪೇಟಿಯ ದನಿ ಒಂದು ಕೋಣೆಗೆ ಸಾಕು.

• ಬಾದಾಮಿಯ ಸಂರಕ್ಷಿತ ಸ್ಮಾರಕದಲ್ಲಿ ಕೂಡುವ ಮುನ್ನ ಪುರಾತತ್ವ ಇಲಾಖೆಯ ಮೂಲಕ ಲಿಖಿತ ಅನುಮತಿ ತನ್ನಿ.

• ವಾದಕರ ಪಟ್ಟಿ (ಶ್ರುತಿ) ಕರಿ ಒಂದೋ ಕರಿ ಎರಡೋ, ಮೊದಲೇ ಕೇಳಿ ತಬಲಾದವರಿಗೆ ತಿಳಿಸಿ. ಪೇಟಿಯ ಶ್ರುತಿಯನ್ನು ವೇದಿಕೆಯ ಮೇಲೆ ಏರಿಸಿ ಇಳಿಸಲು ಬರುವುದಿಲ್ಲ. ತಬಲಾ, ತಂಬೂರಿಯೇ ಅದಕ್ಕೆ ಕೂಡಬೇಕು.

• ಪೇಟಿಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಗಟ್ಟಿ ಪೆಟ್ಟಿಗೆಯಲ್ಲಿ ತನ್ನಿ. ಇಳಕಲ್ ಸುತ್ತ ಗ್ರಾನೈಟ್ ಧೂಳಿದೆ.

• ಮೈಕನ್ನು ಪೇಟಿಯ ಮೇಲ್ಭಾಗಕ್ಕೆ ಹಿಡಿಸಿ. ತಿದಿಯ ಕಡೆ ಇಟ್ಟರೆ ಗಾಳಿಯ ಸದ್ದೇ ಮುಂದಾಗುತ್ತದೆ.

• ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅನೇಕ ಕಲಾವಿದರಿಗೆ ಕಣ್ಣು ಕಾಣುವುದಿಲ್ಲ. ಅವರಿಗೆ ನಿಮ್ಮ ಮೊಣಕೈ ಹಿಡಿಯಲು ಕೊಟ್ಟು ಒಂದು ಹೆಜ್ಜೆ ಮುಂದೆ ನಡೆಯಿರಿ.

• ಮೆಟ್ಟಿಲು ಎಷ್ಟು, ವೇದಿಕೆಯ ಅಂಚು ಎಲ್ಲಿ, ನೀರಿನ ತಂಬಿಗೆ ಯಾವ ಬದಿಗೆ ಎಂಬುದನ್ನು ಬಾಯಿಬಿಟ್ಟು ಹೇಳಿ.

• ಸಂಭಾವನೆಯನ್ನು ಅಂದೇ ಕೈಗೆ ಕೊಡಿ.

ಮಾಡಬಾರದ್ದು

• ಒದ್ದೆ ಕೈಯಿಂದ ಮೈಕ್ ಮುಟ್ಟುವುದು ಬೇಡ.

• ಪರದೆಯ ಹತ್ತಿರ ದೀಪ, ಕರ್ಪೂರ, ಊದಿನಕಡ್ಡಿ ಬೇಡ.

• ಪೇಟಿಯ ಮೇಲೆ ಕುಂಕುಮ, ಅಕ್ಷತೆ, ಹೂವು ಬೇಡ. ಭಕ್ತಿಯಿಂದಲೇ ಹಾಕುತ್ತೀರಿ, ಆದರೆ ಕಾಳು, ಪುಡಿ ಒಳಗೆ ಇಳಿಯುತ್ತವೆ. ಪೂಜೆಯನ್ನು ಪಕ್ಕದ ಮಣೆಯ ಮೇಲೆ ಮುಗಿಸಿ.

• ತಿದಿ ಹಿಡಿದು ಪೇಟಿ ಎತ್ತಬಾರದು.

• ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಪೇಟಿ ಬಿಡಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಅರ್ಧ ತಾಸೂ ಬೇಡ.

• ಬಾದಾಮಿಯಲ್ಲಿ ವಾದ್ಯದ ಬಳಿ ಬಾಳೆಹಣ್ಣು, ಪ್ರಸಾದ ಇಡುವುದು ಬೇಡ. ಮಂಗಗಳು ಬರುತ್ತವೆ.

• ವಾದಕರನ್ನು ಕೇಳದೆ ಯಾರೂ ಪೇಟಿ ಮುಟ್ಟಬಾರದು, ಮಕ್ಕಳಂತೂ ಬೇಡವೇ ಬೇಡ.

• ಆಲಾಪದ ನಡುವೆ ಶಾಲು, ಸನ್ಮಾನ, ಭಾಷಣ ಬೇಡ. ಗಣ್ಯರು ತಡವಾಗಿ ಬಂದರೂ ಬೇಡ.

• ಪೇಟಿ ಎಂದರೆ ಬರೀ ಸಾಥ್ ಎಂದು ವಾದನದ ಸಮಯ ಕಡಿತ ಮಾಡಬಾರದು. ಆಕಾಶವಾಣಿ 1940ರಲ್ಲಿ ಈ ವಾದ್ಯವನ್ನು ಹೊರಗಿಟ್ಟಿತು; 1971ರ ತನಕ ಬಾಗಿಲು ತೆರೆಯಲಿಲ್ಲ. ಬೆಳಗಾವಿಯ ಪಂಡಿತ ಆರ್.ಕೆ. ಬಿಜಾಪುರೆ (1917–2010) ಅಂಥವರು ನುಡಿಸಿ, ಕಲಿಸಿ ಅದನ್ನು ಬೆಳೆಸಿದರು. ನಮ್ಮೂರ ಸಣ್ಣ ವೇದಿಕೆಯಲ್ಲಿ ಮತ್ತೆ ಅದನ್ನು ಮೂಲೆಗೆ ಸರಿಸುವುದು ಅನ್ಯಾಯ.

• ವಾದನ ನಡೆದಾಗ ಮೊಬೈಲ್ ಮಾತು ಬೇಡ.

• ಕಣ್ಣು ಕಾಣದ ಕಲಾವಿದರನ್ನು ಹಿಂದಿನಿಂದ ತಳ್ಳಬಾರದು, ಅವರ ಕೋಲನ್ನು ಬೇರೆಡೆ ಎತ್ತಿಡಬಾರದು.

• ರಾತ್ರಿ ಕಲಾವಿದರನ್ನು ಬಸ್ ನಿಲ್ದಾಣದಲ್ಲಿ ಒಬ್ಬರನ್ನೇ ಬಿಟ್ಟು ಬರಬಾರದು. ಬಸ್ ಹತ್ತಿಸಿ, ಪೇಟಿಯನ್ನು ಸೀಟಿನ ಹತ್ತಿರ ಇಡಿಸಿ ಬನ್ನಿ. ಡಿಕ್ಕಿಗೆ ಹಾಕುವುದು ಬೇಡ.